‘ಆನೆ ಇದೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು? ‘ದೇರ್’ ಪದದ ಬಗ್ಗೆ ಬಿಡಿಸಿ ಹೇಳಿ

ಕಾಫಿಹೂವು (ಸಿದ್ದಾಪುರದ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಜೊತೆಗೆ 3 ರೂಮಿನ ಒಂದು ಹೋಂಸ್ಟೇ. ಹೋದ ವಾರ ನಡೆದದ್ದನ್ನು ಹೇಳಿ ಒಂದು ಪ್ರಶ್ನೆ ಕೇಳುತ್ತೇನೆ.

ಬೆಳಿಗ್ಗೆ ಐದೂವರೆಗೆ ತೋಟದ ರೈಟರ್ (ಲೆಕ್ಕ, ಆಳುಗಳನ್ನು ನೋಡಿಕೊಳ್ಳುವವರು) ಫೋನ್ ಮಾಡಿದರು. ‘ಅಕ್ಕಾ, ಲೈನ್ ಮನೆ ದಾರಿಯಲ್ಲಿ ಆನೆ ಇದೆ, ಯಾರನ್ನೂ ಹೊರಗೆ ಬಿಡಬೇಡಿ’ ಅಂದರು. ಹಲಸು ಹಣ್ಣಾಗುವ ಕಾಲ. ಈ ಕಡೆಯವರಿಗೆ ಇದು ಹೊಸದಲ್ಲ. ನಾನು ತಕ್ಷಣ ಅತಿಥಿಗಳಿಗೆ ವಾಟ್ಸಾಪ್‌ನಲ್ಲಿ ಬರೆದೆ: ‘ದ ಎಲಿಫೆಂಟ್ ಈಸ್ ದೇರ್ ಇನ್ ದ ಎಸ್ಟೇಟ್.’ ಅವಸರದಲ್ಲಿ ಅಷ್ಟೇ ಬರೆದೆ. ‘ಹೊರಗೆ ಬರಬೇಡಿ’ ಅನ್ನುವುದನ್ನು ಎರಡನೇ ಮೆಸೇಜಿನಲ್ಲಿ ಹಾಕೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಹತ್ತು ನಿಮಿಷ ಬಿಟ್ಟು ನೋಡಿದರೆ ಗಂಡ, ಹೆಂಡತಿ, ಆರು ವರ್ಷದ ಮಗು ಕಾಫಿ ಕಣ ದಾಟಿ ಹೋಗುತ್ತಿದ್ದಾರೆ. ಕೈಯಲ್ಲಿ ಕ್ಯಾಮೆರಾ. ಮಗುವಿನ ಕೈಯಲ್ಲಿ ಒಂದು ಬಾಳೆಹಣ್ಣು. ನಾನು ಓಡಿದೆ. ಅವರನ್ನು ತಿರುಗಿಸಿಕೊಂಡು ಬರುವಾಗ ಕೆಳಗಿನ ಸಿಲ್ವರ್ ಮರಗಳ ಮಧ್ಯೆ ಕೊಂಬೆ ಮುರಿಯುವ ಸದ್ದು ಕೇಳುತ್ತಿತ್ತು. ಆ ಬಾಳೆಹಣ್ಣು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಆ ಅಮ್ಮನನ್ನು ಕೇಳಿದೆ. ಅವರು ಹಿಂದಿನ ದಿನ ದುಬಾರೆ ಆನೆ ಶಿಬಿರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಹೊಳೆಯಲ್ಲಿ ಆನೆಗೆ ಸ್ನಾನ ಮಾಡಿಸುವುದನ್ನು ನೋಡಿದ್ದರು. ನನ್ನ ಮೆಸೇಜ್ ಓದಿ, ನಾವೂ ಒಂದು ಆನೆ ಸಾಕಿದ್ದೇವೆ, ಅದು ಈಗ ತೋಟದಲ್ಲಿದೆ, ಬಂದು ನೋಡಿ ಅಂತ ಕರೆಯುತ್ತಿದ್ದೇವೆ ಅಂದುಕೊಂಡರಂತೆ. ಅವರದ್ದು ತಪ್ಪಲ್ಲ. ನಾನು ಬರೆದದ್ದು ಹಾಗೇ ಇತ್ತು ಅಂತ ಅವರು ಮೆಲ್ಲಗೆ ಹೇಳಿದರು.

ಶಾಲೆಯಲ್ಲಿ ನಮಗೆ ‘ದೇರ್ ಅಂದರೆ ಅಲ್ಲಿ’ ಅಂತ ಕಲಿಸಿದ್ದರು. ಹಾಗಾದರೆ ಆನೆ ಇಲ್ಲೇ ನಮ್ಮ ತೋಟದಲ್ಲಿ ಇರುವಾಗ ‘ದೇರ್’ ಯಾಕೆ ಬರಬೇಕು? ಬಂದರೆ ಎಲ್ಲಿ ಬರಬೇಕು? ಗೇಟಿನ ಹತ್ತಿರ ಒಂದು ಬೋರ್ಡ್ ಬರೆಸಬೇಕು, ಅದಕ್ಕೂ ಸರಿಯಾದ ಮಾತು ಬೇಕು. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮಡಿಕೇರಿ ಮೇಷ್ಟ್ರು

ಕಾಫಿಹೂವು ಅವರೇ, ಮಗು ಕ್ಷೇಮವಾಗಿದೆಯಲ್ಲ, ಅದೇ ದೊಡ್ಡದು. 31 ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ‘ದೇರ್ ಅಂದರೆ ಅಲ್ಲಿ’ ಅಂತ ನಾನೂ ಕಲಿಸಿದ್ದೇನೆ. ಆ ಮಾತು ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಈಗ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ‘ದೇರ್’ ಎರಡಿದೆ. ಅಕ್ಷರ ಒಂದೇ, ಕೆಲಸ ಬೇರೆ. ಮೊದಲನೆಯದು ಜಾಗ ತೋರಿಸುತ್ತದೆ. ‘ಪುಟ್ ಇಟ್ ದೇರ್’ ಅಂದರೆ ‘ಅಲ್ಲಿ ಇಡು’. ಇದನ್ನು ಒತ್ತಿ, ಪೂರ್ತಿಯಾಗಿ ಹೇಳುತ್ತಾರೆ, ಬೆರಳು ಮಾಡಿಯೂ ತೋರಿಸಬಹುದು. ಎರಡನೆಯದಕ್ಕೆ ಜಾಗದ ಅರ್ಥವೇ ಇಲ್ಲ. ಏನೋ ಒಂದು ಇದೆ ಅಂತ ಹೊಸದಾಗಿ ತಿಳಿಸುವಾಗ ವಾಕ್ಯದ ಬಾಗಿಲು ತೆಗೆಯುವ ಪದ ಅದು. ‘ದೇರ್ ಈಸ್ ಆನ್ ಎಲಿಫೆಂಟ್ ಇನ್ ದ ಎಸ್ಟೇಟ್.’ ಇದನ್ನು ಇಂಗ್ಲಿಷ್ ಮನೆಮಾತಿನವರು ಒತ್ತುವುದಿಲ್ಲ, ‘ದರ್’ ಅನ್ನುವ ಹಾಗೆ ತೇಲಿಸಿ ಮುಂದೆ ಹೋಗುತ್ತಾರೆ.

ಎರಡೂ ಬೇರೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದು: ‘ದೇರ್ ಈಸ್ ಆನ್ ಎಲಿಫೆಂಟ್ ಹಿಯರ್’ ಅನ್ನುವ ವಾಕ್ಯ ಪೂರ್ತಿ ಸರಿ. ದೇರ್ ಅಂದರೆ ಯಾವಾಗಲೂ ಅಲ್ಲಿ ಎಂದೇ ಆಗಿದ್ದರೆ ‘ಅಲ್ಲಿ ಇಲ್ಲಿ ಆನೆ ಇದೆ’ ಎಂದಾಗಬೇಕಿತ್ತು. ಹಾಗಾಗುವುದಿಲ್ಲ. ‘ಇಲ್ಲಿ ಒಂದು ಆನೆ ಇದೆ’ ಎಂದೇ ಆಗುತ್ತದೆ. ಇನ್ನು ‘ದೇರ್ ಈಸ್ ಆನ್ ಎಲಿಫೆಂಟ್ ದೇರ್’ ಅಂದರೂ ಸರಿ. ಮೊದಲನೆಯದು ಬಾಗಿಲು, ಎರಡನೆಯದು ಜಾಗ.

ನೀವು ಬರೆದದ್ದರಲ್ಲಿ ‘ದೇರ್’ ಹಿಂದೆ ಹೋಗಿ ಕೂತಿತು. ಅಲ್ಲಿ ಕೂತರೆ ಅದು ಜಾಗ ತೋರಿಸುವ ಪದವೇ.

ಬ್ಯಾಂಕ್_ಪರೀಕ್ಷೆ_2ನೇ_ಸಲ

ಮೇಷ್ಟ್ರೇ, ನಮಸ್ಕಾರ. ನನ್ನ ಅನಿಸಿಕೆ ಬೇರೆ. ಇಲ್ಲಿ ಮುಖ್ಯ ತಪ್ಪು ‘ದೇರ್’ ಅಲ್ಲ, ‘ದ’. ‘ದ ಎಲಿಫೆಂಟ್’ ಅಂದಕೂಡಲೇ ‘ನಿಮಗೆ ಗೊತ್ತಿರುವ ಆ ಆನೆ’ ಅಂತ ಆಗುತ್ತದೆ. ಅಕ್ಕ ‘ಆನ್ ಎಲಿಫೆಂಟ್’ ಅಂತ ಬರೆದಿದ್ದರೆ ಅವರು ಸಾಕಿದ ಆನೆ ಅಂದುಕೊಳ್ಳುತ್ತಿರಲಿಲ್ಲ ಅಲ್ವಾ?

ಮಡಿಕೇರಿ ಮೇಷ್ಟ್ರು

ಒಪ್ಪಿದೆ ತಮ್ಮಾ, ಅದು ಸರಿಯಾದ ಮಾತು. ಆದರೆ ‘ದ’ ತೆಗೆದು ನೋಡು. ‘ಆನ್ ಎಲಿಫೆಂಟ್ ಈಸ್ ಇನ್ ದ ಎಸ್ಟೇಟ್.’ ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಮನೆಮಾತಿನವರ ಬಾಯಲ್ಲಿ ಇದು ಸಲೀಸಾಗಿ ಬರುವುದಿಲ್ಲ. ಕೇಳುವವನಿಗೆ ಗೊತ್ತೇ ಇಲ್ಲದ ಹೊಸ ವಸ್ತುವನ್ನು ತಟ್ಟಂತ ವಾಕ್ಯದ ತಲೆಯಲ್ಲಿ ಕೂರಿಸುವುದು ಇಂಗ್ಲಿಷಿಗೆ ಒಗ್ಗುವುದಿಲ್ಲ. ಅದಕ್ಕೇ ಆ ಖಾಲಿ ‘ದೇರ್’ ಅನ್ನು ಮುಂದೆ ನಿಲ್ಲಿಸಿ, ಹೊಸ ವಸ್ತುವನ್ನು ಹಿಂದೆ ತರುತ್ತದೆ. ‘ದ’ ಮತ್ತು ‘ದೇರ್’ ಒಂದೇ ಗಂಟಿನ ಎರಡು ತುದಿ.

ಇದೇ ಕೆಲಸವನ್ನು ಕನ್ನಡ ಹೇಗೆ ಮಾಡುತ್ತದೆ ಗೊತ್ತಾ? ಬರೀ ಪದಗಳ ಜಾಗ ಬದಲಿಸಿ.

‘ದಾರಿಯಲ್ಲಿ ಆನೆ ಇದೆ.’ ‘ಆನೆ ದಾರಿಯಲ್ಲಿ ಇದೆ.’ ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿ. ಮೊದಲನೆಯದು ‘ದಾರಿಯಲ್ಲಿ ಏನಿದೆ?’ ಅನ್ನುವುದಕ್ಕೆ ಉತ್ತರ. ಎರಡನೆಯದು ‘ಆನೆ ಎಲ್ಲಿದೆ?’ ಅನ್ನುವುದಕ್ಕೆ ಉತ್ತರ. ಆನೆ ವಿಷಯ ಮೊದಲೇ ಬಂದಿದ್ದರೆ ಮಾತ್ರ ಎರಡನೆಯದನ್ನು ಹೇಳುತ್ತೇವೆ. ನಿಮ್ಮ ರೈಟರ್ ಓದಿದವರೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಬೆಳಗಿನ ಜಾವದ ಅವಸರದಲ್ಲೂ ಅವರು ‘ದಾರಿಯಲ್ಲಿ ಆನೆ ಇದೆ’ ಅಂತ ಸರಿಯಾದ ಕ್ರಮದಲ್ಲೇ ಹೇಳಿದ್ದಾರೆ. ನೀವು ಅದನ್ನು ಇಂಗ್ಲಿಷಿಗೆ ತರುವಾಗ ಎರಡನೇ ವಾಕ್ಯದ ಅನುವಾದ ಬಂತು. ವ್ಯತ್ಯಾಸ ಆದದ್ದು ಅಷ್ಟೇ.

ನಮ್ಮ ಭಾಷೆಯಲ್ಲಿ ಈ ಸೂಕ್ಷ್ಮ ಇದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇದನ್ನು ಮೊದಲು ಕನ್ನಡದಲ್ಲಿ ತೋರಿಸಿ ಆಮೇಲೆ ಇಂಗ್ಲಿಷ್ ಹೇಳಿಕೊಟ್ಟರೆ ಮಕ್ಕಳಿಗೆ ಒಂದೇ ದಿನದಲ್ಲಿ ಹತ್ತುತ್ತದೆ. ನಾನು ಕೊನೆಯ ಏಳೆಂಟು ವರ್ಷ ಹಾಗೇ ಮಾಡಿದೆ.

ಕಾಫಿಹೂವು (ಸಿದ್ದಾಪುರದ ಕಡೆ)

ಮೇಷ್ಟ್ರೇ, ಓದಿ ಮೈ ಜುಂ ಅಂದಿತು. ನಾನೂ ಗಟ್ಟಿಯಾಗಿ ಎರಡನ್ನೂ ಹೇಳಿ ನೋಡಿದೆ. ಅತ್ತೆಯ ಹತ್ತಿರವೂ ಹೇಳಿಸಿದೆ. ನಮ್ಮ ಮನೆಮಾತು ಕೊಡವ ತಕ್ಕ್. ಅದರಲ್ಲಿ ಆನೆ ‘ಉಂಡ್’ ಅನ್ನುತ್ತೇವೆ. ‘ದೇರ್’ ಥರದ ಪದವೇ ಬೇಡ. ‘ಉಂಡ್’ ಒಂದೇ ಸಾಕು.

ಸಂಪಾಜೆ ಹೊಳೆ

ನಮ್ಮ ಅರೆಭಾಷೆಯಲ್ಲಿ ‘ಉಟ್ಟು’. ಘಟ್ಟ ಇಳಿದು ಸುಳ್ಯ, ಪುತ್ತೂರು ಕಡೆಯ ಕನ್ನಡದಲ್ಲಿ ‘ಉಂಟು’. ಸೋಮವಾರಪೇಟೆ ಕಡೆ ‘ಐತೆ’ ಅನ್ನುವವರೂ ಸಿಗುತ್ತಾರೆ. ನಮ್ಮ ಜಿಲ್ಲೆ, ಪಕ್ಕದ ಜಿಲ್ಲೆ ಓಡಾಡಿದರೆ ‘ಇದೆ’ ಅನ್ನುವುದಕ್ಕೆ ಇಷ್ಟು ಮಾತು. ಇಂಗ್ಲಿಷಿನವರು ಪಾಪ ಒಂದು ಜಾಗದ ಪದವನ್ನು ಕರೆದು ತಂದು ಈ ಕೆಲಸಕ್ಕೆ ಹಾಕಿಕೊಂಡಿದ್ದಾರೆ.

ನನಗೆ ಒಂದು ಡೌಟು. ‘ಇದೆ’ಗೂ ‘ಉಂಟು’ಗೂ ವ್ಯತ್ಯಾಸ ಇಲ್ಲವಾ? ನಮ್ಮ ಕಡೆ ‘ಉಟ್ಟು’ ಅಂದರೆ ಇರುವುದೇ ಮುಖ್ಯ, ಎಲ್ಲಿ ಅನ್ನುವುದು ಆಮೇಲೆ.

ಮಡಿಕೇರಿ ಮೇಷ್ಟ್ರು

‘ದೇವರು ಉಂಟೇ?’ ಅಂತ ಕೇಳುವುದು ಸಹಜ. ಅಲ್ಲಿ ಜಾಗದ ಪ್ರಶ್ನೆಯೇ ಇಲ್ಲ. ‘ಅಣ್ಣ ಮನೆಯಲ್ಲಿ ಇದ್ದಾನಾ?’ ಅನ್ನುವಾಗ ಬಯಲುಸೀಮೆ ಕನ್ನಡದವರಿಗೆ ‘ಉಂಟಾ’ ಬರುವುದಿಲ್ಲ. ನಿಮ್ಮ ಊಹೆಯಲ್ಲಿ ಹುರುಳಿದೆ.

ಬ್ಯಾಂಕ್_ಪರೀಕ್ಷೆ_2ನೇ_ಸಲ

ಪರೀಕ್ಷೆಗೆ ಓದುವವರಿಗಾಗಿ ಎರಡು ವಿಷಯ ಸೇರಿಸುತ್ತೇನೆ. ಒಂದು, ‘ದೇರ್ ಈಸ್’ ಬೇಕೋ ‘ದೇರ್ ಆರ್’ ಬೇಕೋ ಅನ್ನುವುದು ಅದರ ಆಮೇಲೆ ಬರುವ ಹೆಸರಿನ ಮೇಲೆ ನಿಂತಿದೆ. ಒಂದು ಆನೆಗೆ ‘ಈಸ್’, ಎರಡು ಆನೆಗೆ ‘ಆರ್’. ಮಾತಿನಲ್ಲಿ ಇಂಗ್ಲಿಷಿನವರೇ ‘ದೇರ್ಸ್ ಟು ಎಲಿಫೆಂಟ್ಸ್’ ಅನ್ನುತ್ತಾರೆ, ಆದರೆ ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಹೋಗುತ್ತದೆ. ಎರಡು, ಕೊನೆಯಲ್ಲಿ ‘ಅಲ್ವಾ?’ ಸೇರಿಸುವಾಗ ‘ಇಸಂಟ್ ಇಟ್’ ಅಲ್ಲ, ‘ಇಸಂಟ್ ದೇರ್’ ಎಂದೇ ಬರಬೇಕು. ಅಂದರೆ ಆ ಖಾಲಿ ಪದ ಕರ್ತೃವಿನ ಕುರ್ಚಿಯಲ್ಲೇ ಕೂತಿದೆ. ನನಗೆ ಹೋದ ಸಲ ಇದೇ ಪ್ರಶ್ನೆಯಲ್ಲಿ ತಪ್ಪಾಯಿತು.

ಇನ್ನು ಸ್ಪೆಲ್ಲಿಂಗ್. ‘ಅವರ’ ಅನ್ನುವ ‘ದೇರ್’ ಬೇರೆ, ‘ಅವರು ಇದ್ದಾರೆ’ ಅನ್ನುವುದರ ಕುಗ್ಗಿದ ರೂಪ ಬೇರೆ. ಮೂರೂ ಕಿವಿಗೆ ಒಂದೇ. ಜಾಗದ ‘ದೇರ್’ ಒಳಗೆ ‘ಹಿಯರ್’ ಪದದ ಅಕ್ಷರಗಳು ಹಾಗೇ ಇವೆ. ಮುಂದೆ ಒಂದು ‘ಟಿ’ ಸೇರಿದರೆ ‘ಹಿಯರ್’ ಹೋಗಿ ‘ದೇರ್’ ಆಗುತ್ತದೆ, ‘ಡಬ್ಲ್ಯೂ’ ಸೇರಿದರೆ ‘ವೇರ್’. ಇಲ್ಲಿ, ಅಲ್ಲಿ, ಎಲ್ಲಿ. ನಾನು ಹಾಗೇ ನೆನಪಿಟ್ಟುಕೊಂಡೆ.

ಹಳಗನ್ನಡ ಓದುಗ

ಈ ತಮ್ಮ ಹೇಳಿದ್ದು ಬರೀ ನೆನಪಿನ ಉಪಾಯ ಅಲ್ಲ, ಅದು ಭಾಷೆಯ ಎಲುಬು. ಕನ್ನಡದಲ್ಲಿ ಇ, ಅ, ಎ ಅನ್ನುವ ಮೂರು ಅಕ್ಷರ ಬದಲಾದರೆ ಸಾಕು. ಇಲ್ಲಿ, ಅಲ್ಲಿ, ಎಲ್ಲಿ. ಇತ್ತ, ಅತ್ತ, ಎತ್ತ. ಇಷ್ಟು, ಅಷ್ಟು, ಎಷ್ಟು. ಹಳೆಯ ಇಂಗ್ಲಿಷಿನಲ್ಲೂ ಇಂಥ ಚೊಕ್ಕ ಪಟ್ಟಿ ಇತ್ತು. ಇರುವ ಜಾಗಕ್ಕೆ ಹಿಯರ್, ದೇರ್, ವೇರ್. ಹೋಗುವ ಕಡೆಗೆ ಹಿದರ್, ದಿದರ್, ವಿದರ್. ಬರುವ ಕಡೆಗೆ ಹೆನ್ಸ್, ದೆನ್ಸ್, ವೆನ್ಸ್. ನಮ್ಮ ಅಲ್ಲಿ, ಅಲ್ಲಿಗೆ, ಅಲ್ಲಿಂದ ಇದ್ದ ಹಾಗೇ. ಈಗಿನ ಇಂಗ್ಲಿಷಿನಲ್ಲಿ ಎರಡನೇ ಸಾಲು ಬಳಕೆಯಿಂದ ಬಿದ್ದುಹೋಗಿದೆ. ಆದ್ದರಿಂದ ‘ದೇರ್’ ಒಂದೇ ‘ಅಲ್ಲಿ’ಯೂ ಹೌದು, ‘ಅಲ್ಲಿಗೆ’ಯೂ ಹೌದು. ‘ಗೋ ದೇರ್’ ಅಂದರೆ ‘ಅಲ್ಲಿಗೆ ಹೋಗು’. ನಮ್ಮ ‘ಗೆ’ಯನ್ನು ನೆನೆದು ‘ಗೋ ಟು ದೇರ್’ ಅಂತ ಬರೆಯುತ್ತಾರಲ್ಲ, ಅದು ಇದೇ ಕಾರಣಕ್ಕೆ ತಪ್ಪು. ಮೂರನೇ ಸಾಲಿನಲ್ಲೂ ಜಾಗದ ಅರ್ಥ ಸವೆದುಹೋಗಿದೆ. ಅಲ್ಲಿಂದ ಅನ್ನಬೇಕಾದರೆ ಈಗ ‘ಫ್ರಮ್ ದೇರ್’ ಅಂತ ಸೇರಿಸಲೇಬೇಕು.

ಕನ್ನಡದಲ್ಲೂ ಒಂದು ಸಾಲು ಬಿದ್ದುಹೋಗಿದೆ ಅಂತ ಎಷ್ಟು ಜನಕ್ಕೆ ಗೊತ್ತು? ಹಳಗನ್ನಡದಲ್ಲಿ ‘ಇವನ್’, ‘ಅವನ್’ ಇವುಗಳ ನಡುವೆ ‘ಉವನ್’ ಅಂತ ಇತ್ತು. ‘ಇದು’, ‘ಅದು’ ನಡುವೆ ‘ಉದು’. ತೀರ ಹತ್ತಿರವೂ ಅಲ್ಲ, ತೀರ ದೂರವೂ ಅಲ್ಲ, ನಡುವಿನದು. ಶ್ರೀಲಂಕಾದ ಯಾಳ್ಪಾಣದ ತಮಿಳಿನಲ್ಲಿ ಆ ‘ಉದು’ ಇವತ್ತಿಗೂ ಉಳಿದಿದೆ. ಇಂಗ್ಲಿಷಿನದ್ದೂ ಒಂದು ಕಾಲಕ್ಕೆ ಮೂರರ ಲೆಕ್ಕವೇ. ಹಿಯರ್, ದೇರ್, ಯಾಂಡರ್. ‘ಯಾಂಡರ್’ ಅಂದರೆ ದೂರದಲ್ಲಿ ಕಾಣುವ ‘ಅಗೋ ಅಲ್ಲಿ’. ಸ್ಕಾಟ್ಲೆಂಡ್‌ನಲ್ಲಿ ‘ಯಾನ್’ ಅಂತ ಈಗಲೂ ಹೇಳುತ್ತಾರೆ. ಅವರು ದೂರದ್ದನ್ನು ಬಿಟ್ಟರು, ನಾವು ನಡುವಿನದನ್ನು ಬಿಟ್ಟೆವು. ನನಗೆ ಇದನ್ನು ಯೋಚಿಸಿದಾಗಲೆಲ್ಲ ಮನೆಯಲ್ಲಿ ಯಾರೋ ಒಬ್ಬರು ಕಡಿಮೆಯಾದ ಹಾಗೆ ಅನಿಸುತ್ತದೆ.

ಮಾಂದಲ್‌ಪಟ್ಟಿ ಜೀಪು

ನಡುವಿನ ಪದ ಹೋಗಿದ್ದು ನಿಜವಾಗಿ ನಷ್ಟವೇ ಸಾರ್. ನಾನು ದಿನಾ ಟೂರಿಸ್ಟುಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಮಂಜು ಸರಿದಾಗ ಪುಷ್ಪಗಿರಿ ಸಾಲು ಕಾಣುತ್ತದೆ. ‘ಅಲ್ಲಿ ನೋಡಿ’ ಅಂದರೆ ಹತ್ತಿರದ ಗುಡ್ಡ ನೋಡುತ್ತಾರೆ. ಅದರ ಹಿಂದಿನದು ಅಂತ ಹೇಳಬೇಕು.

ನಾನು ಕೇಳಿ ಕೇಳಿ ಕಲಿತದ್ದು ಇಷ್ಟು. ಇಂಗ್ಲಿಷಿನವರು ಬರೀ ‘ದೇರ್’ ಅನ್ನುವುದು ಕಡಿಮೆ, ಮುಂದೆ ಇನ್ನೊಂದು ಸಣ್ಣ ಪದ ಸೇರಿಸುತ್ತಾರೆ. ಆಚೆ ಇದ್ದರೆ ‘ಓವರ್ ದೇರ್’. ಬೆಟ್ಟದ ನೆತ್ತಿ ಆದರೆ ‘ಅಪ್ ದೇರ್’. ಕಣಿವೆ ಆದರೆ ‘ಡೌನ್ ದೇರ್’. ಗುಹೆ, ಕೋಣೆ ಆದರೆ ‘ಇನ್ ದೇರ್’. ಬೆಟ್ಟದ ಊರಿನವರಾದ ನಮಗೆ ಇದು ತುಂಬ ಉಪಯೋಗ. ನಾವೂ ಹೀಗೇ ಹೇಳುತ್ತೇವಲ್ಲ, ‘ಅಲ್ಲಿ ಮೇಲೆ’, ‘ಅಲ್ಲಿ ಕೆಳಗೆ’. ಅವರು ಮೇಲೆ ಕೆಳಗೆ ಅನ್ನುವುದನ್ನು ಮೊದಲು ಹೇಳುತ್ತಾರೆ, ನಾವು ಅಲ್ಲಿ ಅನ್ನುವುದನ್ನು ಮೊದಲು ಹೇಳುತ್ತೇವೆ, ಅಷ್ಟೇ.

ಇನ್ನೊಂದು. ನಾನು ಮೊದಲೆಲ್ಲ ‘ಜೀಪ್ ಹಿಯರ್ ಓನ್ಲಿ’ ಅನ್ನುತ್ತಿದ್ದೆ. ಒಬ್ಬ ಹೆಂಗಸು ‘ಬೇರೆ ಎಲ್ಲೂ ಜೀಪ್ ಇಲ್ಲವಾ, ಇಲ್ಲಿ ಮಾತ್ರವಾ’ ಅಂತ ಕೇಳಿದರು. ‘ಇಲ್ಲೇ’ ಅಂತ ಹೇಳೋಕೆ ‘ರೈಟ್ ಹಿಯರ್’ ಅನ್ನಬೇಕು ಅಂತ ಅವರೇ ಹೇಳಿಕೊಟ್ಟರು. ‘ಅಲ್ಲೇ’ ಅಂದರೆ ‘ರೈಟ್ ದೇರ್’.

ಮಡಿಕೇರಿ ಮೇಷ್ಟ್ರು

ಜೀಪಣ್ಣ, ಇದು ಬಹಳ ಒಳ್ಳೆ ಉದಾಹರಣೆ. ನಮ್ಮ ‘ಏ’ ಒಂದೇ ಅಕ್ಷರ, ಆದರೆ ಅದು ಎರಡು ಕೆಲಸ ಮಾಡುತ್ತದೆ. ‘ಇಲ್ಲೇ ಇದೆ’ ಅಂದರೆ ಒತ್ತು. ‘ಇಲ್ಲೇ ಸಿಗುವುದು, ಬೇರೆ ಕಡೆ ಇಲ್ಲ’ ಅಂದರೆ ಮಿತಿ. ಇಂಗ್ಲಿಷಿನ ‘ಓನ್ಲಿ’ಗೆ ಎರಡನೆಯದು ಮಾತ್ರ ಗೊತ್ತು.

ಹಾಗೇ ‘ಅಗೋ’, ‘ಇಗೋ’ ನೆನಪಾಯಿತು. ‘ಅಗೋ ಬಸ್ ಬಂತು’ ಅನ್ನುವುದಕ್ಕೆ ‘ಹಿಯರ್ ಕಮ್ಸ್ ದ ಬಸ್’. ಕ್ರಿಯಾಪದ ಮೊದಲು, ಬಸ್ ಆಮೇಲೆ. ಆದರೆ ಬಸ್ ಬದಲು ‘ಅದು’ ಅಂತ ಹೇಳಿದರೆ ‘ಹಿಯರ್ ಇಟ್ ಕಮ್ಸ್’ ಎಂದು ತಿರುಗುತ್ತದೆ. ಕೈಗೆ ಕಾಫಿ ಲೋಟ ಕೊಡುವಾಗ ‘ತಗೊಳ್ಳಿ’ ಅನ್ನುತ್ತೇವಲ್ಲ, ಅದೇ ‘ಹಿಯರ್ ಯು ಆರ್’. ಅದನ್ನು ‘ನೀವು ಇಲ್ಲಿದ್ದೀರಿ’ ಅಂತ ಅರ್ಥ ಮಾಡಿಕೊಂಡರೆ ಕಾಫಿ ಆರುತ್ತದೆ. ಪದ ಹಿಂದೆ ಮುಂದೆ ಆಗಿ ‘ಯು ಆರ್ ಹಿಯರ್’ ಅಂದರೆ ಮಾತ್ರ ಚಾರಣದ ನಕ್ಷೆಯಲ್ಲಿ ಕೆಂಪು ಚುಕ್ಕೆಯ ಪಕ್ಕ ಬರೆದಿರುವುದು.

ಬಿಳಿ ಕೋಟು

ನಾನು ಸೋಮವಾರಪೇಟೆಯವಳು, ಈಗ ಹೊರದೇಶದ ಒಂದು ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು ಇದನ್ನೆಲ್ಲ ಓದುತ್ತಿದ್ದೇನೆ. ನನ್ನದೂ ಒಂದು ಸೇರಿಸಲೇಬೇಕು.

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಒಬ್ಬರು ಅಜ್ಜಿ ರಾತ್ರಿ ಅಳುತ್ತಿದ್ದರು. ನಮ್ಮ ಸೀನಿಯರ್ ಅವರ ಪಕ್ಕ ಕೂತು, ಭುಜ ನೇವರಿಸುತ್ತಾ ‘ದೇರ್ ದೇರ್’ ಅಂದರು. ಅಜ್ಜಿ ಮೆಲ್ಲಗೆ ಸುಮ್ಮನಾದರು. ಅದಕ್ಕೆ ಜಾಗದ ಅರ್ಥವೂ ಇಲ್ಲ, ಮೇಷ್ಟ್ರು ಹೇಳಿದ ಬಾಗಿಲಿನ ಅರ್ಥವೂ ಇಲ್ಲ. ನನ್ನ ಅಮ್ಮ ಬಿದ್ದ ಮಗುವನ್ನು ಎತ್ತಿಕೊಂಡು ‘ಆಯ್ತಾಯ್ತು, ಏನಿಲ್ಲ ಏನಿಲ್ಲ’ ಅನ್ನುತ್ತಿದ್ದರಲ್ಲ, ಅದೇ ಇದು. ಆವತ್ತು ಆ ಎರಡು ಪದ ನನಗೆ ಅಮ್ಮನ ದನಿಯಲ್ಲೇ ಕೇಳಿಸಿತು. ಈಗ ನಾನೂ ಹೇಳುತ್ತೇನೆ. ಆದರೆ ಒಂದು ಎಚ್ಚರ. ತೀರ ದೊಡ್ಡ ದುಃಖದಲ್ಲಿ ಇರುವವರಿಗೆ ಹೇಳಿದರೆ ಅವರನ್ನು ಚಿಕ್ಕ ಮಗು ಮಾಡಿದ ಹಾಗೆ ಆಗಬಹುದು. ಅಲ್ಲಿ ಕೈ ಹಿಡಿದು ಸುಮ್ಮನೆ ಕೂರುವುದೇ ಒಳ್ಳೆಯದು.

‘ಐ ಹ್ಯಾವ್ ಬೀನ್ ದೇರ್’ ಅನ್ನುವುದೂ ಅಷ್ಟೇ. ನಿಜವಾಗಿ ಆ ಜಾಗಕ್ಕೆ ಹೋಗಿ ಬಂದಿದ್ದೇನೆ ಅಂತಲೂ ಆಗುತ್ತದೆ, ಆ ಕಷ್ಟ ನಾನೂ ಪಟ್ಟಿದ್ದೇನೆ ಅಂತಲೂ ಆಗುತ್ತದೆ. ‘ಐ ಆಮ್ ದೇರ್ ಫಾರ್ ಯು’ ಅಂದರೆ ‘ನಾನಿದ್ದೇನೆ’. ಕನ್ನಡದಲ್ಲಿ ‘ನಾನಿದ್ದೇನಲ್ಲ’ ಅನ್ನುವ ಒಂದೇ ಮಾತು ಸಾಕು. ಎಲ್ಲಿ ಅಂತ ಯಾರೂ ಕೇಳುವುದಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಊರಿಗೆ ಫೋನ್ ಹತ್ತುತ್ತಿರಲಿಲ್ಲ. ಮೂರನೇ ದಿನ ಲೈನ್ ಸಿಕ್ಕಿ ನಾನು ಕೇಳಿದ್ದು ‘ಇದ್ದೀರಾ?’ ಅಂತ ಒಂದೇ. ಅಪ್ಪ ‘ಇದ್ದೇವೆ’ ಅಂದರು. ಇಂಗ್ಲಿಷಿನಲ್ಲಿ ಆದರೆ ‘ಆರ್ ಯು ದೇರ್?’ ಅನ್ನಬೇಕು. ಆದರೆ ನಾನು ಕೇಳಿದ್ದಕ್ಕೂ ಅದಕ್ಕೂ ಅಜಗಜಾಂತರ.

ಕಾಫಿಹೂವು (ಸಿದ್ದಾಪುರದ ಕಡೆ)

ತಂಗೀ, ಇದನ್ನು ಓದಿ ಎರಡು ನಿಮಿಷ ಸುಮ್ಮನೆ ಕೂತೆ. ಹುಷಾರಾಗಿರಿ.

ಪತ್ರ ಬರಹಗಾರ

ನನ್ನ ಕೆಲಸ ದಸ್ತಾವೇಜು ಬರೆಯುವುದು. ಹಳೆಯ ಇಂಗ್ಲಿಷ್ ಕ್ರಯಪತ್ರಗಳಲ್ಲಿ ‘ದೇರ್’ ತುಂಬಿಕೊಂಡಿರುತ್ತದೆ. ದೇರ್‌ಟು, ದೇರ್‌ಆಫ್, ದೇರ್‌ಇನ್, ದೇರ್‌ಬೈ. ಜನ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಇವುಗಳಲ್ಲಿ ‘ದೇರ್’ ಅಂದರೆ ಅಲ್ಲಿ ಅಲ್ಲ, ‘ಅದು’. ದೇರ್‌ಟು ಅಂದರೆ ಅದಕ್ಕೆ. ದೇರ್‌ಆಫ್ ಅಂದರೆ ಅದರ. ದೇರ್‌ಇನ್ ಅಂದರೆ ಅದರಲ್ಲಿ. ‘ಸದರಿ ಮನೆ ಮತ್ತು ಅದಕ್ಕೆ ಸೇರಿದ ಹಿತ್ತಲು’ ಅಂತ ನಾವು ಬರೆಯುವ ಜಾಗದಲ್ಲಿ ಅವರ ‘ದೇರ್‌ಟು’ ಬರುತ್ತದೆ. ‘ದೇರ್‌ಫೋರ್’ ಕೂಡ ಇದೇ ಮನೆಯದು. ಅದಕ್ಕಾಗಿ, ಆದ್ದರಿಂದ.

ತೋಟ ಇಟ್ಟುಕೊಂಡವರು ತಮ್ಮ ಮನೆಯ ಹಳೆ ಪತ್ರ ತೆಗೆದು ಈ ಪದಗಳ ಕೆಳಗೆ ಗೆರೆ ಹಾಕಿ ಓದಿ. ಯಾವ ‘ಅದು’ ಅಂತ ಪ್ರತಿ ಸಲ ಹಿಂದಿನ ಸಾಲಿನಲ್ಲಿ ಹುಡುಕಿ. ಗದ್ದೆಗೆ ಸೇರಿದ ಬಾಣೆ (ಹುಲ್ಲು, ಸೌದೆಗೆ ಬಿಟ್ಟ ಜಮೀನು) ಅಂತ ಇದೆಯೋ, ಮನೆಗೆ ಸೇರಿದ ಬಾಣೆ ಅಂತ ಇದೆಯೋ ಅನ್ನುವುದು ಆ ಒಂದು ಪದದ ಮೇಲೆ ನಿಲ್ಲುತ್ತದೆ.

ಹಳಗನ್ನಡ ಓದುಗ

ಒಂದು ಸಣ್ಣ ವಿಷಯ ಗಮನಿಸಿದ್ದೀರಾ? ಇಂಗ್ಲಿಷಿನವರು ‘ಹಿಯರ್ ಅಂಡ್ ದೇರ್’ ಅನ್ನುತ್ತಾರೆ. ಹತ್ತಿರದ್ದು ಮೊದಲು. ‘ದಿಸ್ ಅಂಡ್ ದ್ಯಾಟ್’, ‘ನೌ ಅಂಡ್ ದೆನ್’, ಎಲ್ಲ ಹಾಗೇ. ಹಿಂದಿಯ ‘ಇಧರ್ ಉಧರ್’ ಕೂಡ ಹತ್ತಿರದಿಂದ ದೂರಕ್ಕೆ. ನಾವು? ಅಲ್ಲಿ ಇಲ್ಲಿ. ಅದು ಇದು. ಅತ್ತ ಇತ್ತ. ಆ ಕಡೆ ಈ ಕಡೆ. ಹಾಗೆ ಹೀಗೆ. ಅವರು ಇವರು. ದೂರದ್ದು ಮೊದಲು, ಆಮೇಲೆ ನಮ್ಮ ಹತ್ತಿರ ಬರುತ್ತೇವೆ.

ಸಂಪಾಜೆ ಹೊಳೆ

ಅಯ್ಯೋ ಹೌದಲ್ಲ! ‘ಇಲ್ಲಿ ಅಲ್ಲಿ’ ಅಂತ ಹೇಳಿ ನೋಡಿದೆ, ನಾಲಿಗೆ ಒಪ್ಪಲಿಲ್ಲ. ಆದರೆ ‘ಇಹಪರ’ ಅನ್ನುತ್ತೇವಲ್ಲ?

ಹಳಗನ್ನಡ ಓದುಗ

ಅದು ಸಂಸ್ಕೃತದಿಂದ ಬಂದದ್ದು, ಕ್ರಮವೂ ಅಲ್ಲಿಂದಲೇ ಬಂತು.

ಬ್ಯಾಂಕ್_ಪರೀಕ್ಷೆ_2ನೇ_ಸಲ

ಹಾಗಿದ್ದರೆ ‘ನೈದರ್ ಹಿಯರ್ ನಾರ್ ದೇರ್’ ಅಂದರೆ ಏನು? ‘ಅಲ್ಲೂ ಇಲ್ಲ, ಇಲ್ಲೂ ಇಲ್ಲ’ ಅಂತ ನಾನು ಬರೆದೆ, ಕೋಚಿಂಗ್‌ನಲ್ಲಿ ತಪ್ಪು ಅಂದರು.

ಮಡಿಕೇರಿ ಮೇಷ್ಟ್ರು

ತಪ್ಪೇ ತಮ್ಮಾ. ಇದು ಒಳ್ಳೆ ಬಲೆ. ನಮ್ಮ ‘ಅಲ್ಲೂ ಇಲ್ಲ, ಇಲ್ಲೂ ಇಲ್ಲ’ ಅಂದರೆ ಎರಡು ಕಡೆಗೂ ಸಲ್ಲದೆ ನಡುವೆ ಸಿಕ್ಕಿಬಿದ್ದವನ ಪಾಡು. ಅವರ ಮಾತಿಗೆ ಅರ್ಥ ‘ಅದು ಈಗ ಮುಖ್ಯವಲ್ಲ, ವಿಷಯಕ್ಕೆ ಸಂಬಂಧವಿಲ್ಲ’. ಹಾಗೇ ‘ಅಲ್ಲಿಯವರೆಗೆ ಕಾಯಿರಿ’ ಅನ್ನುವಾಗ ನಮ್ಮ ‘ಅಲ್ಲಿ’ ಕಾಲವನ್ನೂ ಹೇಳುತ್ತದೆ. ‘ಟಿಲ್ ದೇರ್’ ಅಂತ ಬರೆಯಬೇಡ, ‘ಟಿಲ್ ದೆನ್’ ಅಂತ ಬರೆ. ನಮ್ಮ ‘ಅಲ್ಲಿ’ ಹೋಗುವ ಕಡೆಗೆಲ್ಲ ಅವರ ‘ದೇರ್’ ಬರುವುದಿಲ್ಲ, ಅವರ ‘ದೇರ್’ ಹೋಗುವ ಕಡೆಗೆಲ್ಲ ನಮ್ಮ ‘ಅಲ್ಲಿ’ ಬರುವುದಿಲ್ಲ.

ಕಾಫಿಹೂವು ಅವರೇ, ಬೋರ್ಡ್ ಏನಾಯಿತು?

ಕಾಫಿಹೂವು (ಸಿದ್ದಾಪುರದ ಕಡೆ)

ಅದನ್ನೇ ಹೇಳಲು ಬಂದೆ ಮೇಷ್ಟ್ರೇ. ನಿನ್ನೆ ಬೋರ್ಡ್ ಬರೆಸಿದೆ. ಬರೆಯುವ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪದ ಹೇಳಿದೆ. ಮೇಲೆ ಕನ್ನಡ: ‘ಈ ತೋಟದಲ್ಲಿ ಕಾಡಾನೆಗಳಿವೆ. ಸಂಜೆ 5ರಿಂದ ಬೆಳಿಗ್ಗೆ 8ರವರೆಗೆ ಹೊರಗೆ ಬರಬೇಡಿ.’ ಕೆಳಗೆ ಇಂಗ್ಲಿಷ್: ‘ದೇರ್ ಆರ್ ವೈಲ್ಡ್ ಎಲಿಫೆಂಟ್ಸ್ ಇನ್ ದಿಸ್ ಎಸ್ಟೇಟ್’, ಆಮೇಲೆ ಒಳಗೇ ಇರಿ ಅನ್ನುವ ಸಾಲು, ಸಮಯದ ಜೊತೆಗೆ. ‘ವೈಲ್ಡ್’ ಅನ್ನುವುದನ್ನು ಕೆಂಪು ಬಣ್ಣದಲ್ಲಿ ಬರೆಸಿದೆ. ಹುಡುಗ ‘ದೇರ್ ಯಾಕೆ ಅಕ್ಕಾ, ಇಲ್ಲೇ ಇದೆಯಲ್ಲ’ ಅಂತ ಕೇಳಿದ. ನಿಮ್ಮ ಬಾಗಿಲಿನ ಮಾತು ಅವನಿಗೆ ಹೇಳಿದೆ, ಅರ್ಥವಾಯಿತು.

ಮೆಸೇಜ್‌ಗೂ ಒಂದು ಸಾಲು ಫೋನಿನಲ್ಲಿ ಮೊದಲೇ ಬರೆದಿಟ್ಟಿದ್ದೇನೆ. ಒಳಗೇ ಇರಿ ಅನ್ನುವುದು ಮೊದಲ ಮಾತು, ಆನೆ ಇದೆ ಅನ್ನುವುದು ಎರಡನೆಯದು. ಎರಡೂ ಒಂದೇ ಮೆಸೇಜಿನಲ್ಲಿ.

ಒಂದು ಪ್ರಶ್ನೆ ಉಳಿದಿದೆ. ಎಷ್ಟೋ ಸಲ ರೈಟರ್ ಕಣ್ಣಾರೆ ನೋಡಿರುವುದಿಲ್ಲ. ಪಕ್ಕದ ತೋಟದವರು ಹೇಳಿದ್ದನ್ನು ಕೇಳಿ ‘ಆನೆ ಇದೆಯಂತೆ ಅಕ್ಕಾ’ ಅನ್ನುತ್ತಾರೆ. ಆ ‘ಅಂತೆ’ಯನ್ನು ಹೇಗೆ ಬರೆಯುವುದು?

ಮಡಿಕೇರಿ ಮೇಷ್ಟ್ರು

‘ದೇರ್ ಮೇ ಬಿ ಆನ್ ಎಲಿಫೆಂಟ್’ ಅಂದರೆ ‘ಇರಬಹುದು’. ‘ದೇರ್ ಸೀಮ್ಸ್ ಟು ಬಿ’ ಅಂದರೆ ‘ಇರುವ ಹಾಗಿದೆ’. ನಮ್ಮ ‘ಅಂತೆ’ಗೆ ಇವೆರಡೂ ಸರಿಹೋಗುವುದಿಲ್ಲ. ‘ಅಂತೆ’ ಅಂದರೆ ಬೇರೆಯವರು ಕಂಡದ್ದು, ಅವರ ಬಾಯಿಂದ ನಾನು ಕೇಳಿದ್ದು. ಇಂಗ್ಲಿಷಿನಲ್ಲಿ ಅದಕ್ಕೆ ‘ವಿ ಆರ್ ಟೋಲ್ಡ್’ ಅಂತ ಮುಂದೆ ಹಾಕಿ, ಆಮೇಲೆ ‘ದೇರ್ ಈಸ್’ ತರಬೇಕು.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಅತಿಥಿಗಳಿಗೆ ‘ಅಂತೆ’ ಕಳಿಸುವುದಿಲ್ಲ. ‘ಇದೆ’ ಎಂದೇ ಕಳಿಸುತ್ತೇನೆ.

ಕಾಫಿಹೂವು (ಸಿದ್ದಾಪುರದ ಕಡೆ)

ಸರಿ ಮೇಷ್ಟ್ರೇ. ಹಾಗೇ ಮಾಡುತ್ತೇನೆ.